ಮನಸ್ಸು ಕುಗ್ಗಿದರೆ ಹೃದಯಕ್ಕೂ ಪೆಟ್ಟೇ?

ಪ್ರಶ್ನೆ: ನನಗೆ 29 ವರ್ಷ. ಐದಾರು ತಿಂಗಳಿಂದ ಆತಂಕ, ಬೇಸರ, ಸರಿಯಾಗಿ ನಿದ್ದೆಯಿಲ್ಲ; ಎದೆ ಡವಡವ ಹೊಡೆದುಕೊಳ್ಳುತ್ತದೆ. ಇಸಿಜಿ, ಎಕೋ ನಾರ್ಮಲ್. ಖಿನ್ನತೆ ಇದ್ದವರಿಗೆ ಹೃದ್ರೋಗ ಬರುತ್ತದಂತೆ, ನಿಜವೇ?
– ಓದುಗ, ದಾವಣಗೆರೆ

ಉತ್ತರ: ನಂಟಿರುವುದು ನಿಜ, ನೀವು ಹೆದರಿಕೊಂಡಷ್ಟಲ್ಲ. ಅಮೆರಿಕದ 18ರಿಂದ 49 ವಯಸ್ಸಿನ ಸುಮಾರು 5.9 ಲಕ್ಷ ಜನರ ಮಾಹಿತಿ ನೋಡಿ ಜಾನ್ಸ್ ಹಾಪ್ಕಿನ್ಸ್ ತಂಡ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ತಿಂಗಳಲ್ಲಿ 14 ದಿನ ಅಥವಾ ಹೆಚ್ಚು ಮನಸ್ಸು ಸರಿಯಿರಲಿಲ್ಲ ಎಂದವರಲ್ಲಿ ಹೃದ್ರೋಗ ಇರುವ ಸಾಧ್ಯತೆ ಸುಮಾರು ಎರಡು ಪಟ್ಟು ಕಂಡಿತು. ಆದರೆ ಇದು ಫೋನಿನಲ್ಲಿ ಒಮ್ಮೆ ಕೇಳಿ ಬರೆದುಕೊಂಡ ಲೆಕ್ಕ. ಖಿನ್ನತೆ ಮೊದಲೋ ಹೃದ್ರೋಗ ಮೊದಲೋ ಇದರಿಂದ ತಿಳಿಯದು. ಮೇಲಾಗಿ ನಿಮ್ಮ ವಯಸ್ಸಿಗೆ ಮೂಲ ಅಪಾಯವೇ ಚಿಕ್ಕದು, ಅದರ ಎರಡು ಪಟ್ಟೂ ಚಿಕ್ಕದೇ.

ಸದಾ ಆತಂಕದಲ್ಲಿದ್ದರೆ ಒತ್ತಡದ ಹಾರ್ಮೋನುಗಳಾದ ಅಡ್ರಿನಲಿನ್, ಕಾರ್ಟಿಸಾಲ್ ಏರಿ ನಾಡಿ, ಬಿಪಿ, ಸಕ್ಕರೆ ಮೇಲಕ್ಕೆ ಹೋಗುತ್ತವೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಬೇಗ ಅಂಟಿಕೊಳ್ಳುತ್ತವೆ. ಇದಕ್ಕಿಂತ ಹೆಚ್ಚು ಹಾನಿ ಮಾಡುವುದು ಜೊತೆಗೆ ಬರುವ ಸಿಗರೇಟು, ಕುಡಿತ, ನಿಂತುಹೋದ ವಾಕಿಂಗ್ ಎಂಬುದು ನಮ್ಮ ಅಭಿಪ್ರಾಯ.

ಎಕೋ ಮತ್ತೆ ಬೇಡ. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್ ನೋಡಿಸಿ. ಥೈರಾಯ್ಡ್ ಹೆಚ್ಚಾದರೂ ರಕ್ತ ಕಡಿಮೆಯಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಸಕ್ಕರೆ, ಲಿಪಿಡ್ (ರಕ್ತದ ಕೊಬ್ಬು) ಪರೀಕ್ಷೆ ಕೂಡ ಇರಲಿ. ಬಿಪಿ ನೋಡುವ ಮೊದಲು ಅರ್ಧ ಗಂಟೆ ಕಾಫಿ, ಸಿಗರೇಟು ಬೇಡ. 5 ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕುಳಿತಿರಿ, ತೋಳು ಎದೆಮಟ್ಟದಲ್ಲಿರಲಿ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 10 ಅಥವಾ ಮೇಲೆ ಬಂದರೆ ಮನೋವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು. ಸಾಯುವ ಯೋಚನೆ ಬಂದರಂತೂ ಅಂದೇ.

ಪ್ಯಾನಿಕ್ (ದಿಢೀರನೆ ಬರುವ ತೀವ್ರ ಭಯ) ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯುತ್ತದೆ. ಎದೆ ಒತ್ತಿದಂತಾಗಿ ನೋವು ತೋಳಿಗೋ ದವಡೆಗೋ ಹರಡಿದರೆ, ಬೆವರಿದರೆ, ಓಡುವಾಗ ತಲೆ ತಿರುಗಿ ಬಿದ್ದರೆ ‘ಟೆನ್ಷನ್’, ‘ಗ್ಯಾಸ್’ ಎನ್ನುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಎರಡು ತಿಂಗಳಿಂದ, ಖಿನ್ನತೆ–ಆತಂಕಕ್ಕೆ ಕೊಡುವ ಎಸಿಟಲೋಪ್ರಾಮ್ 10 ಮಿ.ಗ್ರಾಂ. ತೆಗೆದುಕೊಳ್ಳುತ್ತಿದ್ದೇನೆ, ಗುಣವಾಗಿದೆ. ಹೃದಯಕ್ಕೆ ಕೆಟ್ಟದೆಂದು ನಿಲ್ಲಿಸಲೇ?
– ಓದುಗಿ, ಶಿರಸಿ

ಉತ್ತರ: ನಿಲ್ಲಿಸಬೇಡಿ. ಈ ಪ್ರಮಾಣದಲ್ಲಿ ಆರೋಗ್ಯವಂತ ಹೃದಯಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ. ಡೋಸ್ ಏರಿದಾಗ, ಅಥವಾ ಜೊತೆಗೆ ಅಜಿತ್ರೋಮೈಸಿನ್‌ನಂಥ (ಒಂದು ಆ್ಯಂಟಿಬಯಾಟಿಕ್) ಮಾತ್ರೆ ಸೇರಿದಾಗ ಇಸಿಜಿಯಲ್ಲಿ ಕ್ಯುಟಿ ಅಂತರ (ಪ್ರತಿ ಬಡಿತದ ವಿದ್ಯುತ್ ಚಟುವಟಿಕೆಗೆ ಹಿಡಿಯುವ ಸಮಯ) ಹಿಗ್ಗಿ, ಬಡಿತದ ಲಯ ತಪ್ಪುವ ಅಪಾಯವಿರುತ್ತದೆ. ಹಾಗಾಗಿ ಯಾವ ಡಾಕ್ಟರ ಬಳಿ ಹೋದರೂ ಈ ಮಾತ್ರೆಯ ಹೆಸರು ಹೇಳಿ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ಆಮೇಲೆ ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಒಮ್ಮೆಲೇ ಬಿಟ್ಟರೆ ತಲೆಸುತ್ತು, ಕರೆಂಟ್ ಹೊಡೆದಂಥ ಅನುಭವ ಆಗಬಹುದು; ಎಷ್ಟೋ ಜನ ಅದನ್ನೇ ಹೃದಯದ ತೊಂದರೆ ಅಂದುಕೊಳ್ಳುತ್ತಾರೆ. ತಲೆನೋವಿಗೆ ಐಬುಪ್ರೊಫೆನ್ ಬದಲು ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ. ಎಸಿಟಲೋಪ್ರಾಮ್ ಜೊತೆ ಐಬುಪ್ರೊಫೆನ್ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು.