ಉರಿಯುತ್ತಿದ್ದರೆ ಇವತ್ತೇ ನಿಲ್ಲಿಸಿ

ಗಿಡಮೂಲಿಕೆಯ ಡಿಯೋಡರೆಂಟ್ ಕ್ರೀಮು ಹಚ್ಚಿದ ಮೇಲೆ ಕಂಕುಳು ಉರಿಯುತ್ತದೆ ಎಂದು ಬರೆದಿದ್ದೀರಿ. ಹಾಗಾದರೆ ಆ ಕ್ರೀಮಿನ ಜಾಡಿಯನ್ನು ಇವತ್ತೇ ಮುಚ್ಚಿಡಿ, ಉಳಿದದ್ದು ಆಮೇಲೆ.

ಬೆವರು ತಡೆಯಲು ರೋಲ್-ಆನ್‌ಗೆ ಹಾಕುವ ಅಲ್ಯೂಮಿನಿಯಂ ಬಗ್ಗೆ ಓದಿ ಹೆದರಿ ಅದನ್ನು ಬಿಟ್ಟಿರಿ, ಗಿಡಮೂಲಿಕೆಯದನ್ನು ತರಿಸಿದಿರಿ, ಈಗ ಕಂಕುಳಲ್ಲಿ ಉರಿ, ಸ್ವಲ್ಪ ಕಪ್ಪು. ಉರಿಯೆಂದರೆ ವಿಷ ಹೊರಬರುತ್ತಿದೆ ಎಂದುಕೊಂಡಿದ್ದೀರಿ. ಆರೋಗ್ಯಕ್ಕೆ ಇದಕ್ಕಿಂತ ಒಳ್ಳೆಯ ನೈಸರ್ಗಿಕ ಡಿಯೋಡರೆಂಟ್ ಯಾವುದೆಂದು ಕೇಳುತ್ತಿದ್ದೀರಿ. ಅಕ್ಷರಶಃ ನಾನು ನಡೆದ ದಾರಿ ಇದು. ಅದಕ್ಕೇ ಹೆಸರುಗಳ ಪಟ್ಟಿ ಕೊಡುವುದಿಲ್ಲ, ನಡೆದದ್ದನ್ನು ಹೇಳುತ್ತೇನೆ.

ನಾನು ಉಡುಪಿಯಲ್ಲಿ ಕಾಲೇಜು ಅಧ್ಯಾಪಕಿ. ಕರಾವಳಿಯ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಬೆವರು ಬರುವುದು ದೊಡ್ಡದಲ್ಲ, ಬಂದ ಬೆವರು ಆರುವುದೇ ಇಲ್ಲ. ಕರಿಹಲಗೆಯ ಮೇಲ್ತುದಿಯಲ್ಲಿ ಬರೆಯಲು ಕೈ ಎತ್ತಿದರೆ ರವಿಕೆಯ ಕಂಕುಳು ಒದ್ದೆಯಾದದ್ದು ಮೊದಲ ಬೆಂಚಿನವರಿಗೆಲ್ಲ ಕಾಣುತ್ತದೆ. ವರ್ಷಗಟ್ಟಲೆ ಅಂಗಡಿಯಲ್ಲಿ ಸಿಗುವ ಸಾಧಾರಣ ರೋಲ್-ಆನ್ ಹಚ್ಚುತ್ತಿದ್ದೆ. ಏನೂ ತೊಂದರೆ ಇರಲಿಲ್ಲ. ಆಮೇಲೆ ನಮ್ಮ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಇದೆಯೆಂದು ತಿಳಿಯಿತು. ಮನೆಯಲ್ಲಿ ಎಲ್ಲರೂ ಕಾರಣ ಹುಡುಕುತ್ತಿದ್ದ ಆ ದಿನಗಳಲ್ಲೇ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಬಂತು: ಬೆವರು ತಡೆದರೆ ವಿಷ ಹೊರಹೋಗಲು ದಾರಿಯಿಲ್ಲದೆ ಕಂಕುಳ ಗ್ರಂಥಿಗಳಲ್ಲಿ ಕೂತು ಗಡ್ಡೆಯಾಗುತ್ತದೆ. ಅಂದೇ ರೋಲ್-ಆನ್ ಕಸದ ಬುಟ್ಟಿ ಸೇರಿತು.

ಅದರ ಜಾಗಕ್ಕೆ ಬಂದದ್ದು ಪರಿಚಯದವರೊಬ್ಬರು ಮನೆಯಲ್ಲೇ ತಯಾರಿಸಿ ಮಾರುತ್ತಿದ್ದ ಕ್ರೀಮು. ಗಾಜಿನ ಪುಟ್ಟ ಜಾಡಿ, ಮುಚ್ಚಳಕ್ಕೆ ಕಟ್ಟಿದ ಸೆಣಬಿನ ದಾರ. ಒಳಗೆ ತೆಂಗಿನೆಣ್ಣೆ, ಜೇನುಮೇಣ, ಕೂವೆ ಹಿಟ್ಟು, ಅಡುಗೆ ಸೋಡಾ, ಪರಿಮಳಕ್ಕೆ ತುಳಸಿ ಎಣ್ಣೆ, ಲವಂಗದ ಎಣ್ಣೆ, ಗುಲಾಬಿಯಂತೆ ಕಂಪಿಡುವ ಇನ್ನೊಂದು ಎಣ್ಣೆ. ಎಲ್ಲವೂ ನಮ್ಮ ಅಡುಗೆಮನೆಯಲ್ಲೋ ಅಂಗಳದಲ್ಲೋ ಇರುವ ಪದಾರ್ಥಗಳೇ. ಅನುಮಾನ ಪಡಲು ಅಲ್ಲಿ ಏನಿತ್ತು ಹೇಳಿ.

ಮೊದಮೊದಲು ಚೆನ್ನಾಗಿಯೇ ಇತ್ತು, ವಾಸನೆ ನಿಂತಿತು. ನಂತರ ಸ್ನಾನವಾದ ಮೇಲೆ ಹಚ್ಚಿದರೆ ಮೆಣಸಿನಕಾಯಿ ಮುಟ್ಟಿದ ಕೈ ತಾಗಿದಂತೆ ಉರಿ ಶುರುವಾಯಿತು. ಮಾರಿದವರನ್ನು ಕೇಳಿದೆ. ಇಷ್ಟು ವರ್ಷ ಅಲ್ಯೂಮಿನಿಯಂ ಹಚ್ಚಿದ್ದೀರಲ್ಲ, ದೇಹ ಈಗ ಆ ವಿಷವನ್ನು ಹೊರಹಾಕುತ್ತಿದೆ, ನಾಲ್ಕಾರು ವಾರ ತಾಳಿಕೊಳ್ಳಿ ಎಂದರು.

ನನಗೆ ದುಬಾರಿಯಾದದ್ದು ಈ ಮಾತನ್ನು ನಂಬಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ನಂಬಿಕೆ ಕಾಣುತ್ತಿದೆ. ಒಳಗಿನ ನಂಜು ಹೊರಗೆ ಬಂದರೆ ಒಳ್ಳೆಯದು ಎನ್ನುವುದನ್ನು ಕೇಳುತ್ತಲೇ ಬೆಳೆದವರು ನಾವು. ಜ್ವರ ಬೆವರಿದರೆ ಇಳಿಯುತ್ತದೆ, ಗುಳ್ಳೆ ಒಡೆದರೆ ವಾಸಿಯಾಗುತ್ತದೆ ಎನ್ನುತ್ತೇವೆ. ಆದ್ದರಿಂದ ಉರಿ ಹೆಚ್ಚಾದಷ್ಟೂ ಕ್ರೀಮು ಕೆಲಸ ಮಾಡುತ್ತಿದೆ ಎಂದು ಸಮಾಧಾನವಾಗುತ್ತಿತ್ತು. ಕಂಕುಳು ಕೆಂಪಾಯಿತು, ವಿಷ ಬರುತ್ತಿದೆ. ಸಣ್ಣ ಗುಳ್ಳೆಗಳೆದ್ದವು, ಇನ್ನಷ್ಟು ಬರುತ್ತಿದೆ. ಚರ್ಮ ಸುಲಿದು ನೀರೊಸರಿ ರವಿಕೆಯ ಬಟ್ಟೆ ಅಂಟಿಕೊಳ್ಳತೊಡಗಿತು, ಇನ್ನೇನು ಮುಗಿಯುತ್ತಾ ಬಂತು. ಯಾವ ಲಕ್ಷಣ ಕಂಡು ನಿಲ್ಲಿಸಬೇಕಿತ್ತೋ ಅದನ್ನೇ ಗುಣವಾಗುವ ಲಕ್ಷಣವೆಂದು ಓದಿಕೊಂಡರೆ ಮನುಷ್ಯ ಎಲ್ಲಿಯೂ ನಿಲ್ಲುವುದಿಲ್ಲ. ಬೇರೆ ಯಾವ ಔಷಧಿಯಾಗಿದ್ದರೂ ಅಲರ್ಜಿ ಎಂದು ಎಸೆಯುತ್ತಿದ್ದವಳು, ತುಳಸಿ ಎಂಬ ಕಾರಣಕ್ಕೆ ತಿಂಗಳುಗಟ್ಟಲೆ ದಿನಕ್ಕೆರಡು ಸಲ ಹಚ್ಚಿದೆ.

ಮಧ್ಯದಲ್ಲಿ ಮೆಡಿಕಲ್ ಅಂಗಡಿಯಿಂದ ಒಂದು ಟ್ಯೂಬ್ ತಂದದ್ದೂ ಉಂಟು. ಸ್ಟೀರಾಯ್ಡ್, ಶಿಲೀಂಧ್ರದ ಔಷಧಿ, ಆ್ಯಂಟಿಬಯೋಟಿಕ್ ಮೂರೂ ಬೆರೆಸಿದ ಮುಲಾಮು. ನಮ್ಮಲ್ಲಿ ಚೀಟಿ ಇಲ್ಲದೆಯೂ ಕೊಟ್ಟುಬಿಡುತ್ತಾರೆ. ಎರಡು ದಿನ ತಣ್ಣಗಾದಂತೆ ಇದ್ದು ಮತ್ತೆ ಭುಗಿಲೆದ್ದಿತು. ಕಂಕುಳು, ತೊಡೆಸಂದಿನಂಥ ಮಡಿಕೆಗಳಲ್ಲಿ ಚರ್ಮವೇ ತೆಳು, ಸ್ಟೀರಾಯ್ಡ್ ಅದನ್ನು ಇನ್ನೂ ತೆಳುವಾಗಿಸುತ್ತದೆ. ಆ ದಾರಿಗೆ ದಯವಿಟ್ಟು ಹೋಗಬೇಡಿ.

ಕೊನೆಗೆ ನೋಡಿದ ಚರ್ಮವೈದ್ಯರು ಯಾವುದರಿಂದ ಅಲರ್ಜಿ ಎಂದು ಕಂಡುಹಿಡಿಯುವ ಪ್ಯಾಚ್ ಟೆಸ್ಟ್ ಮಾಡಿಸಿದರು. ಪುಟ್ಟ ಲೋಹದ ಬಟ್ಟಲುಗಳ ಸಾಲು, ಒಂದೊಂದರಲ್ಲಿ ಒಂದೊಂದು ರಾಸಾಯನಿಕದ ಚುಕ್ಕೆ, ಅಂಟುಪಟ್ಟಿಯಿಂದ ಬೆನ್ನಿಗೆ ಅಂಟಿಸಿ ಪಕ್ಕದಲ್ಲಿ ಪೆನ್ನಿನಿಂದ ಸಂಖ್ಯೆ ಬರೆಯುತ್ತಾರೆ. 48 ಗಂಟೆ ಬೆನ್ನಿಗೆ ನೀರು ತಾಗುವಂತಿಲ್ಲ. ಪಟ್ಟಿ ಕಿತ್ತಾಗ ಒಮ್ಮೆ, 96 ಗಂಟೆಗೆ ಇನ್ನೊಮ್ಮೆ ನೋಡುತ್ತಾರೆ. ಪರಿಮಳ ಮಿಶ್ರಣದ ಚುಕ್ಕೆ ಕೂತಿದ್ದ ಜಾಗ ಕೆಂಪಾಗಿ ಉಬ್ಬಿ, ಮೇಲೆ ಸಾಸಿವೆಯಷ್ಟು ಗುಳ್ಳೆಗಳು. ಮಿಕ್ಕ ಸಾಲೆಲ್ಲ ಖಾಲಿ. ಆ ಬಟ್ಟಲುಗಳು ಯಾವುದರದೆಂದು ಕೇಳಿದೆ. ಅಲ್ಯೂಮಿನಿಯಂ ಎಂದರು. ಎರಡು ದಿನ ಬೆನ್ನಿಗೆ ಒತ್ತಿ ಕೂತಿದ್ದರೂ ಅದರದೊಂದು ಗುರುತೂ ಇರಲಿಲ್ಲ.

ವೈದ್ಯರು ಬಿಡಿಸಿ ಹೇಳಿದ್ದು ಹೀಗೆ. ನಮ್ಮ ಚರ್ಮದ ಮೇಲ್ಪದರ ಸ್ವಲ್ಪ ಆಮ್ಲೀಯ, ಪಿಎಚ್ ಸುಮಾರು 5. ನೀರಿನಲ್ಲಿ ಕರಗಿದ ಅಡುಗೆ ಸೋಡಾದ್ದು 8ಕ್ಕಿಂತ ಮೇಲೆ, ಅಂದರೆ ಕ್ಷಾರೀಯ. ಬೆವರಿನಲ್ಲಿ ನೆನೆದ ಸೋಡಾವನ್ನು, ಅದೂ ರೇಜರ್ ಆಡಿಸಿದ ಚರ್ಮಕ್ಕೆ, ದಿನಾ ತಿಕ್ಕಿದರೆ ರಕ್ಷಣೆಯ ಪದರ ಹಾಳಾಗುತ್ತದೆ. ಅಲ್ಲಿಯವರೆಗೆ ಅದು ಬರೀ ಕೆರಳಿಕೆ. ಆಗಲೇ ಬಿಟ್ಟಿದ್ದರೆ ಕೆಲವೇ ವಾರಗಳಲ್ಲಿ ವಾಸಿಯಾಗುತ್ತಿತ್ತು. ನಾನು ಬಿಡಲಿಲ್ಲ. ಹಾಳಾದ ಚರ್ಮದ ಮೂಲಕ ಪರಿಮಳದ ಎಣ್ಣೆಗಳು ಒಳಗಿಳಿದವು. ಲವಂಗದಲ್ಲಿಯೂ ತುಳಸಿಯಲ್ಲಿಯೂ ಇರುವ ಯೂಜೆನಾಲ್, ಗುಲಾಬಿಯ ಕಂಪಿನ ಎಣ್ಣೆಗಳಲ್ಲಿರುವ ಜೆರಾನಿಯಾಲ್, ಇವು ಅಲರ್ಜಿ ತರುವ ಪರಿಮಳದ್ರವ್ಯಗಳೆಂದು ಚರ್ಮವೈದ್ಯರಿಗೆ ಬಹಳ ಹಿಂದಿನಿಂದ ಗೊತ್ತು. ಪ್ಯಾಚ್ ಟೆಸ್ಟ್‌ನ ಪರಿಮಳ ಮಿಶ್ರಣದಲ್ಲಿ ಇವೆರಡೂ ಇರುತ್ತವೆ. ದೇಹದ ರಕ್ಷಣಾ ವ್ಯವಸ್ಥೆ ಒಮ್ಮೆ ಇವನ್ನು ಶತ್ರುವೆಂದು ಗುರುತಿಟ್ಟುಕೊಂಡರೆ ಸಾಮಾನ್ಯವಾಗಿ ಮರೆಯುವುದಿಲ್ಲ. ಕೆರಳಿಕೆ ಹೋಗುತ್ತದೆ, ಅಲರ್ಜಿ ಉಳಿಯುತ್ತದೆ. ಒಂದು ಉರಿಯನ್ನು ತಪ್ಪಾಗಿ ಓದಿಕೊಂಡದ್ದರಿಂದ ಹೋಗುವಂಥದ್ದನ್ನು ಉಳಿಯುವಂಥದ್ದಾಗಿ ಮಾಡಿಕೊಂಡೆ. ಇಂದು ಸೋಪು, ಶಾಂಪೂ, ಬಟ್ಟೆ ತೊಳೆಯುವ ಪುಡಿ, ಕೈಗೆ ಹಚ್ಚುವ ಲೋಷನ್ ಎಲ್ಲದರ ಲೇಬಲ್ ಓದಿಯೇ ಕೊಳ್ಳುತ್ತೇನೆ. ಹಲ್ಲಿನ ವೈದ್ಯರಲ್ಲಿ ಹೋದರೂ ಮೊದಲೇ ಹೇಳಬೇಕು, ತಾತ್ಕಾಲಿಕವಾಗಿ ತುಂಬುವ ಸಿಮೆಂಟಿನಲ್ಲೂ ಯೂಜೆನಾಲ್ ಇರುತ್ತದೆ.

ಇನ್ನು ನೀವು ಹೆದರಿದ ವಿಷಯಕ್ಕೆ ಬರುತ್ತೇನೆ. ವಿಷವನ್ನು ನಿಭಾಯಿಸುವ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದ್ದು. ಬೆವರು ಬಹುಪಾಲು ನೀರು ಮತ್ತು ಉಪ್ಪು. ದೇಹವನ್ನು ತಂಪಾಗಿಡಲು ಅದು ಇದೆ. ಅಮೆರಿಕದ ಸಿಯಾಟಲ್ ಪ್ರದೇಶದಲ್ಲಿ ಸ್ತನ ಕ್ಯಾನ್ಸರ್ ಇದ್ದ 813 ಮತ್ತು ಇಲ್ಲದ 793 ಮಹಿಳೆಯರನ್ನು ವಿಚಾರಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಡಿಯೋಡರೆಂಟ್‌ಗೂ ಬೆವರುನಿರೋಧಕಕ್ಕೂ ಕ್ಯಾನ್ಸರಿಗೂ ನಂಟು ಕಾಣಲಿಲ್ಲ. 2004ರಲ್ಲಿ ಬ್ರಿಟನ್ನಿನ ಸಂಶೋಧಕರು 20 ಸ್ತನ ಗಡ್ಡೆಗಳ ಮಾದರಿಯಲ್ಲಿ ಪ್ಯಾರಾಬೆನ್ (ಕ್ರೀಮು, ಲೋಷನ್ ಕೆಡದಂತೆ ಹಾಕುವ ರಾಸಾಯನಿಕ) ಕಂಡರೆಂಬುದು ಇವತ್ತಿಗೂ ಸುತ್ತುತ್ತಿರುವ ಸುದ್ದಿ. ಅದು ಡಿಯೋಡರೆಂಟಿನಿಂದಲೇ ಬಂತೆಂದಾಗಲಿ, ಗಡ್ಡೆಗೆ ಅದೇ ಕಾರಣವೆಂದಾಗಲಿ ಆ ಅಧ್ಯಯನ ತೋರಿಸಿರಲಿಲ್ಲ. ನಿಜವಾಗಿ ಎಚ್ಚರ ವಹಿಸಬೇಕಾದವರು ಮೂತ್ರಪಿಂಡದ ಕಾಯಿಲೆ ಇರುವವರು: ಅವರ ದೇಹ ಅಲ್ಯೂಮಿನಿಯಂ ಸರಿಯಾಗಿ ಹೊರಹಾಕಲಾರದು. ಅಮೆರಿಕದಲ್ಲಿ ಮಾರುವ ಬೆವರುನಿರೋಧಕಗಳ ಮೇಲೆ ಅಂಥವರು ವೈದ್ಯರನ್ನು ಕೇಳಿಯೇ ಬಳಸಬೇಕೆಂದು ಮುದ್ರಿಸುವುದು ಕಡ್ಡಾಯ. ಮನೆಯಲ್ಲಿ ಯಾರಾದರೂ ಡಯಾಲಿಸಿಸ್‌ನಲ್ಲಿದ್ದರೆ ಇದನ್ನು ನೆನಪಿಡಿ.

ಅಲ್ಯೂಮಿನಿಯಂ ಬೇಡವೆಂದು ಪಟಿಕದ ಕಲ್ಲು ಕೊಳ್ಳುವವರಿಗೂ ಒಂದು ಮಾತು. ಕ್ಷೌರದಂಗಡಿಯಲ್ಲಿ ಕೆನ್ನೆಗೆ ಉಜ್ಜುವ ಪಟಿಕ ಎಂದರೆ ಪೊಟ್ಯಾಸಿಯಂ ಅಲ್ಯೂಮಿನಿಯಂ ಸಲ್ಫೇಟ್. ಅದು ಕೆಟ್ಟದ್ದೆಂದು ಹೇಳುತ್ತಿಲ್ಲ, ನನ್ನ ಅಣ್ಣ ಅದನ್ನೇ ಒದ್ದೆ ಮಾಡಿ ಕಂಕುಳಿಗೆ ಉಜ್ಜಿಕೊಂಡು ಹಾಯಾಗಿದ್ದಾನೆ. ಆದರೆ ಅಲ್ಯೂಮಿನಿಯಂ ರಹಿತ ಎಂಬ ಚೀಟಿ ಅಂಟಿಸಿ ಅದನ್ನು ಹಲವು ಪಟ್ಟು ಬೆಲೆಗೆ ಮಾರುವುದು ಮೋಸ.

ನಿಂಬೆಹಣ್ಣು ಉಜ್ಜಿ ಎಂದು ಸಲಹೆ ಕೊಡುವವರು ಇಲ್ಲಿಯೂ ಬರುತ್ತಾರೆ. ಬೇಡ. ಅಷ್ಟು ಹುಳಿ ಚರ್ಮವನ್ನು ಸುಡುತ್ತದೆ, ರಸ ತಾಗಿದ ಜಾಗಕ್ಕೆ ಬಿಸಿಲು ಬಿದ್ದರೆ ಗುಳ್ಳೆಯೆದ್ದು ಕಪ್ಪು ಕಲೆ ಉಳಿಯುತ್ತದೆ. ಲಾವಂಚ ನನಗೂ ಪ್ರಿಯ. ಅದು ಕುಡಿಯುವ ನೀರಿನ ಹೂಜಿಯಲ್ಲಿ, ಬಟ್ಟೆಯ ಕಪಾಟಿನಲ್ಲಿ ಇರಲಿ.

ಹಾಗಾದರೆ ಏನು ಹಚ್ಚಬೇಕು? ಕಂಕುಳ ಬೆವರಿಗೆ ತನ್ನದೇ ವಾಸನೆ ಹೆಚ್ಚುಕಡಿಮೆ ಇಲ್ಲ. ಹರೆಯದಲ್ಲಿ ಕೆಲಸ ಶುರುಮಾಡುವ ಅಲ್ಲಿನ ವಿಶೇಷ ಗ್ರಂಥಿಗಳ ಸ್ರಾವವನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾ ಒಡೆದಾಗ ವಾಸನೆ ಹುಟ್ಟುತ್ತದೆ. ಆದ್ದರಿಂದ ಮೊದಲ ಕೆಲಸ ತೊಳೆಯುವುದು, ಎರಡನೆಯದು ಒಣಗಿಸುವುದು. ಸ್ನಾನವಾದ ಮೇಲೆ ಒದ್ದೆ ಕಂಕುಳಿಗೇ ರವಿಕೆ ತೊಡುವುದನ್ನು ನಿಲ್ಲಿಸಿ, ಫ್ಯಾನಿನಡಿ ಪೂರ್ತಿ ಆರಲಿ. ನಮ್ಮ ದರ್ಜಿಗೆ ಹೇಳಿ ನನ್ನ ಎಲ್ಲ ರವಿಕೆಗಳ ಒಳಗೆ ಹತ್ತಿಯ ಲೈನಿಂಗ್ ಹಾಕಿಸಿದೆ. ಪಾಲಿಯೆಸ್ಟರ್ ಹತ್ತಿಗಿಂತ ಹೆಚ್ಚು ವಾಸನೆ ಹಿಡಿದಿಡುತ್ತದೆ, ಒಗೆದರೂ ಪೂರ್ತಿ ಬಿಡುವುದಿಲ್ಲ. ಇದಿಷ್ಟರಿಂದಲೇ ಅರ್ಧ ತೊಂದರೆ ಹೋಯಿತು. ಉಳಿದ ಅರ್ಧಕ್ಕೆ ನಾನು ಈಗ ಹಚ್ಚುವುದು ಪರಿಮಳವಿಲ್ಲದ ಸಾಧಾರಣ ರೋಲ್-ಆನ್, ಅಲ್ಯೂಮಿನಿಯಂ ಇರುವಂಥದ್ದೇ. ನಿಮಗೆ ಅಲ್ಯೂಮಿನಿಯಂ ಬೇಡವೇ ಬೇಡ ಎಂದಾದರೆ ಸತುವಿನ ಸಂಯುಕ್ತ ಇರುವುದನ್ನು ಹುಡುಕಿ. ಇದು ಹೊಸ ಶೋಧವಲ್ಲ, 1888ರಲ್ಲಿ ಫಿಲಡೆಲ್ಫಿಯಾದಲ್ಲಿ ಮಾರಾಟಕ್ಕೆ ಬಂದ 'ಮಮ್' ಎಂಬ ಮುಲಾಮಿನಲ್ಲಿಯೂ ಇದ್ದದ್ದು ಸತುವೇ. ಅಡುಗೆ ಸೋಡಾ ಇರಬಾರದು. ಫ್ರಾಗ್ರೆನ್ಸ್, ಪರ್ಫ್ಯೂಮ್, ಎಸೆನ್ಷಿಯಲ್ ಆಯಿಲ್, ಲಿನಲೂಲ್, ಲಿಮೋನೀನ್, ಜೆರಾನಿಯಾಲ್, ಯೂಜೆನಾಲ್ ಎಂಬ ಹೆಸರುಗಳು ಕಂಡರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಏನೇ ತಂದರೂ ಮೊದಲು ಮೊಣಕೈಯ ಒಳಭಾಗಕ್ಕೆ ಒಂದು ವಾರ ದಿನಕ್ಕೆರಡು ಸಲ ಹಚ್ಚಿ ನೋಡಿ. ತುರಿಕೆ, ಕೆಂಪು ಕಂಡರೆ ಅದು ನಿಮಗಲ್ಲ. ಸದ್ಯಕ್ಕೆ ಅದೂ ಬೇಡ. ಉರಿ ಪೂರ್ತಿ ಹೋಗುವವರೆಗೆ ಕಂಕುಳಿಗೆ ಮೃದುವಾದ ಸೋಪು ಮತ್ತು ನೀರು ಬಿಟ್ಟು ಏನನ್ನೂ ಹಾಕಬೇಡಿ, ರೇಜರನ್ನೂ ಮುಟ್ಟಬೇಡಿ. ನೀರೊಸರುತ್ತಿದ್ದರೆ ಚರ್ಮವೈದ್ಯರಲ್ಲಿಗೆ ಹೋಗಿ, ಆ ಜಾಡಿಯನ್ನೂ ಜೊತೆಗೆ ಒಯ್ಯಿರಿ.

ಕಪ್ಪಿನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನಿಮ್ಮ ಪ್ರಶ್ನೆಯಲ್ಲಿ ಆರೋಗ್ಯದ ವಿಷಯ ಎಂದು ನನಗೆ ಅನಿಸಿದ್ದು ಅದೊಂದೇ. ಉರಿದ ಜಾಗ ವಾಸಿಯಾದ ಮೇಲೂ ನಮ್ಮ ಮೈಬಣ್ಣದವರಿಗೆ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ನನ್ನದೂ ನಿಧಾನವಾಗಿಯೇ ತಿಳಿಯಾಯಿತು. ಆದರೆ ಕನ್ನಡಿಯಲ್ಲಿ ಕುತ್ತಿಗೆಯ ಹಿಂಭಾಗವನ್ನೂ ನೋಡಿಕೊಳ್ಳಿ. ಅಲ್ಲಿಯೂ ಕಪ್ಪಾಗಿ, ಚರ್ಮ ಮುಟ್ಟಿದರೆ ಮಖಮಲ್ಲಿನಂತೆ ದಪ್ಪವಾಗಿದ್ದರೆ ಅದು ಡಿಯೋಡರೆಂಟಿನ ಕಲೆಯಲ್ಲ. ಬಹಳ ಸಲ ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು, ಸಕ್ಕರೆ ಕಾಯಿಲೆಗೆ ಮುಂಚೆಯೇ ಕಾಣಿಸಿಕೊಳ್ಳುವಂಥದ್ದು. ಹಾಗಿದ್ದರೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತದ ಸಕ್ಕರೆ, ಜೊತೆಗೆ ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಯಾವ ಡಿಯೋಡರೆಂಟ್ ಎಂಬುದನ್ನು ಅದರ ವರದಿ ಕೈಗೆ ಬಂದ ಮೇಲೆ ನೋಡಿದರಾಯಿತು.