ಹನ್ನೆರಡು ತೋಪುಗಳೋ, ಒಂಬತ್ತೋ?

ಮಾನ್ಯರೇ,

ನಮ್ಮ ನೌಕಾಪಡೆಯಲ್ಲಿದ್ದ ‘ಮೈಸೂರು’ ಎಂಬ ಯುದ್ಧನೌಕೆಯ ಕುರಿತು ನೀವು ಬರೆದ ‘ಐಎನ್‌ಎಸ್ ಮೈಸೂರು: ಒಂದು ಪರಿಚಯ’ ಎಂಬ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಮೊದಲರ್ಧ ಅಳತೆಗಳ ಪಟ್ಟಿ, ಉಳಿದರ್ಧ ತಾರೀಖುಗಳ ಪಟ್ಟಿ. ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಎಂಬುದು ಓದುಗನಿಗೆ ಎಲ್ಲಿಯೂ ತಿಳಿಯುವುದಿಲ್ಲ.

1971ರ ಯುದ್ಧದಲ್ಲಿ ಪಶ್ಚಿಮ ನೌಕಾದಂಡಿನ ಧ್ವಜನೌಕೆ, ಅಂದರೆ ದಳಪತಿ ಇರುವ ಹಡಗು, ಆಗಿದ್ದ ಮೈಸೂರಿಗೆ ಆರು ಅಂಗುಲದ ಹನ್ನೆರಡು ತೋಪುಗಳಿದ್ದವು ಎಂದು ಬರೆದಿದ್ದೀರಿ. ಅಷ್ಟು ತೋಪುಗಳಿದ್ದುದು, 1940ರಲ್ಲಿ ಬ್ರಿಟಿಷ್ ನೌಕಾಪಡೆಗೆ ಸೇರಿದಾಗ ‘ನೈಜೀರಿಯಾ’ ಎಂಬ ಹೆಸರು ಹೊತ್ತಿದ್ದ ಇದೇ ಹಡಗಿಗೆ. 1957ರ ಆಗಸ್ಟ್‌ನಲ್ಲಿ ಅದು ಮೈಸೂರಾಗಿ ನಮ್ಮ ನೌಕಾಪಡೆಗೆ ಬಂದಾಗ ಉಳಿದಿದ್ದುದು ಮೂರು ಗೋಪುರ (ತೋಪುಗಳನ್ನು ಹೊತ್ತು ತಿರುಗುವ ಕವಚದ ಕಟ್ಟು), ಒಂಬತ್ತು ತೋಪು. ಇದು ಬರಿಯ ಅಂಕಿಯ ತಪ್ಪಲ್ಲ. ಯುದ್ಧನೌಕೆಗಳ ಗಾತ್ರಕ್ಕೆ ಕಡಿವಾಣ ಹಾಕಿದ 1936ರ ಲಂಡನ್ ಒಪ್ಪಂದ, ಮೈಸೂರಿನಂಥ ಕ್ರೂಸರುಗಳಿಗೆ (ಮಧ್ಯಮ ಗಾತ್ರದ ಯುದ್ಧನೌಕೆಗಳಿಗೆ) 8,000 ಟನ್ನಿನ ಮಿತಿ ಹಾಕಿತ್ತು. ಅದಕ್ಕಿಂತ ಹಿಂದಿನ, 9,000 ಟನ್ನಿಗೂ ಮೀರಿದ ಹಡಗುಗಳು ಹೊತ್ತಿದ್ದ ಹನ್ನೆರಡು ತೋಪುಗಳನ್ನೇ ಈ ಸಣ್ಣ ಒಡಲಿನಲ್ಲಿ ತುರುಕಲಾಯಿತು. ಎರಡನೇ ಮಹಾಯುದ್ಧ ಸಾಗಿದಂತೆ ವಿಮಾನ ನಿರೋಧಕ ತೋಪು, ರೇಡಾರ್‌ಗಳು ಸೇರಿ ಮೇಲ್ಭಾಗದ ಭಾರ ಹೆಚ್ಚಿದಾಗ ಈ ವರ್ಗದ ಹಲವು ಹಡಗುಗಳು ಒಂದು ಗೋಪುರವನ್ನೇ ಬಿಟ್ಟುಕೊಟ್ಟವು. ನಿಮ್ಮ ಪಟ್ಟಿಯ ಒಂದು ಸಾಲಿನಲ್ಲಿ ಇಷ್ಟು ಕಥೆಯಿದೆ. ಹಾಗೆಯೇ ತೂಕ ಒಂದು ಕಡೆ 8,500 ಟನ್, ಇನ್ನೊಂದು ಕಡೆ 11,000 ಟನ್ ಎಂದಿದೆ. ಮೊದಲನೆಯದು ಇಂಧನ ಸೇರದ ಪ್ರಮಾಣಿತ ತೂಕ, ಎರಡನೆಯದು ಇಂಧನವನ್ನೂ ತುಂಬಿದ ಪೂರ್ಣ ತೂಕ. ಯಾವುದು ಯಾವುದೆಂದು ಹೇಳದಿದ್ದರೆ ಎರಡೂ ಸುಳ್ಳಾಗುತ್ತವೆ.

‘1942ರಲ್ಲಿ ಟಾರ್ಪಿಡೊದಿಂದ ಹಾನಿಯಾಯಿತು’ ಎಂಬ ನಿಮ್ಮ ಮೂರು ಪದಗಳ ವಾಕ್ಯ ನನ್ನನ್ನು ಬಹಳ ಕಾಡಿತು. ಆ ಆಗಸ್ಟ್ 12ರ ಸಂಜೆ, ಬ್ರಿಟಿಷರ ವಶದಲ್ಲಿದ್ದ ಮಾಲ್ಟಾ ದ್ವೀಪಕ್ಕೆ ಆಹಾರ ಮತ್ತು ತೈಲ ಒಯ್ಯುತ್ತಿದ್ದ ಹಡಗುಸಾಲಿನ ಮೇಲೆ ಇಟಲಿಯ ಜಲಾಂತರ್ಗಾಮಿ ಆಕ್ಸುಮ್ ಒಂದೇ ಸಲಕ್ಕೆ ಬಿಟ್ಟ ನಾಲ್ಕು ಟಾರ್ಪಿಡೊಗಳು ನೈಜೀರಿಯಾ, ಕೈರೊ ಎಂಬ ಎರಡು ಯುದ್ಧನೌಕೆಗಳಿಗೂ ಓಹಾಯೊ ಎಂಬ ತೈಲದ ಹಡಗಿಗೂ ಬಡಿದವು. ನೈಜೀರಿಯಾದಲ್ಲಿ 52 ಮಂದಿ ಸತ್ತರು. ಅದರಲ್ಲಿದ್ದ, ಕಾವಲು ಹಡಗುಗಳ ದಳಪತಿ ಬರೋ ಅವರು ಅಶಾಂಟಿ ಎಂಬ ವಿಧ್ವಂಸಕ ನೌಕೆಗೆ ತಮ್ಮ ಧ್ವಜದೊಡನೆ ಸ್ಥಳ ಬದಲಿಸಬೇಕಾಯಿತು. ಮಾಲ್ಟಾದಿಂದ ನೆರವಿಗೆ ಬರುವ ಯುದ್ಧವಿಮಾನಗಳೊಡನೆ ಮಾತಾಡಿ ದಾರಿ ತೋರಿಸಬಲ್ಲ ಸಾಧನವಿದ್ದುದು ನೈಜೀರಿಯಾ ಮತ್ತು ಕೈರೊಗಳಲ್ಲಿ ಮಾತ್ರ. ಎರಡೂ ಒಟ್ಟಿಗೆ ಕೈತಪ್ಪಿದ್ದರಿಂದ ಆ ರಾತ್ರಿ ಹಡಗುಸಾಲು ಕುರುಡಾಯಿತು. ಹದಿನಾಲ್ಕು ವ್ಯಾಪಾರಿ ಹಡಗುಗಳಲ್ಲಿ ಮಾಲ್ಟಾ ಮುಟ್ಟಿದ್ದು ಐದೇ. ತಾಂತ್ರಿಕ ವಿವರ ಎಲ್ಲಿ ಬರಬೇಕು ಎಂದು ಕೇಳಿದ್ದೀರಲ್ಲ, ಇಲ್ಲಿ ಬರಬೇಕು.

ಪೋರ್ಚುಗೀಸರಿಂದ ಗೋವಾ ಬಿಡಿಸಿದ 1961ರ ಕಾರ್ಯಾಚರಣೆಯೂ ಒಂದೇ ಸಾಲಿನಲ್ಲಿ ಮುಗಿದಿದೆ. ಮೈಸೂರು ಮತ್ತು ತ್ರಿಶೂಲ ಎಂಬ ಇನ್ನೊಂದು ಯುದ್ಧನೌಕೆ ಹೋದದ್ದು ಅಂಜದೀವ್ ದ್ವೀಪಕ್ಕೆ, ಅಂದರೆ ಕಾರವಾರದ ಮಗ್ಗುಲಿಗೆ. ಇಂದು ಅಲೆತಡೆಗೋಡೆಯಿಂದ ನೌಕಾನೆಲೆಗೆ ಸೇರಿಕೊಂಡಿರುವ ಆ ದ್ವೀಪದಲ್ಲಿ ನೌಕಾಪಡೆಯ ಏಳು ಮಂದಿ ಪ್ರಾಣ ಕೊಟ್ಟರು. ಉತ್ತರ ಕನ್ನಡದ ಓದುಗನಿಗೆ ಇದನ್ನು ಹೇಳದೆ ಲೇಖನ ಮುಗಿಸುವುದು ಸರಿಯಲ್ಲ.

ಪಟ್ಟಿಯನ್ನು ತೆಗೆದುಹಾಕಿ, ಉಳಿಸುವ ಪ್ರತಿ ಅಳತೆಗೂ ಇಸವಿ ಕೊಟ್ಟು, ಆ ಆಗಸ್ಟ್ ಸಂಜೆಯಿಂದಲೇ ಆರಂಭಿಸಿ ಮತ್ತೆ ಬರೆದು ಕಳುಹಿಸಿ. ನಾನೇ ಓದುತ್ತೇನೆ.

ಸಂಪಾದಕ