ಓದುಗರ ಪ್ರಶ್ನೆ: ಸೋಫಿಯಾ ಹೇಡನ್ ಬರೆದ ನಕ್ಷೆಗಳು, ಬಾಳಿದ ಬದುಕು

ಪ್ರಶ್ನೆ: 1893ರ ಷಿಕಾಗೋ ವಿಶ್ವಪ್ರದರ್ಶನದ ಮಹಿಳಾ ಭವನವನ್ನು ವಿನ್ಯಾಸಗೊಳಿಸಿದವರು ಸೋಫಿಯಾ ಹೇಡನ್ ಎಂದು ನಮ್ಮ ಪಠ್ಯದಲ್ಲಿ ಒಂದೇ ಸಾಲಿದೆ. ಕಟ್ಟಡ ಕಟ್ಟಿಸಿದ ಅನುಭವವೇ ಇಲ್ಲದ ತರುಣಿಗೆ ಅದು ಹೇಗೆ ಸಾಧ್ಯವಾಯಿತು? ಅವರು ವಿದ್ಯಾರ್ಥಿನಿಯಾಗಿದ್ದಾಗ ಬರೆದ ನಕ್ಷೆಗಳಲ್ಲಿ ಇದರ ಸುಳಿವೇನಾದರೂ ಇದೆಯೆ?
— ವಾಸ್ತುಶಿಲ್ಪ ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಸುಳಿವು ಇರುವುದೇ ಅಲ್ಲಿ. ಸೋಫಿಯಾ ಹೇಡನ್ 1868ರಲ್ಲಿ ಚಿಲಿಯ ಸಾಂಟಿಯಾಗೋದಲ್ಲಿ ಹುಟ್ಟಿದರು. ತಂದೆ ಅಮೆರಿಕದ ದಂತವೈದ್ಯರು, ತಾಯಿ ದಕ್ಷಿಣ ಅಮೆರಿಕದವರು. ಆರನೆಯ ವಯಸ್ಸಿಗೆ ಬಾಸ್ಟನ್ನಿನ ಅಜ್ಜ-ಅಜ್ಜಿಯ ಮನೆ ಸೇರಿದ ಅವರು 1886ರಲ್ಲಿ ಎಂ.ಐ.ಟಿ.ಗೆ (ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ) ಪ್ರವೇಶ ಪಡೆದು, 1890ರಲ್ಲಿ ಅಲ್ಲಿನ ನಾಲ್ಕು ವರ್ಷಗಳ ವಾಸ್ತುಶಿಲ್ಪ ಪದವಿಯನ್ನು ಪೂರೈಸಿದ ಮೊದಲ ಮಹಿಳೆಯಾದರು. ಅಮೆರಿಕದಲ್ಲೇ ಮೊದಲನೆಯದಾದ ಆ ವಿಭಾಗದ ಪಾಠಗಳು ಶುರುವಾದದ್ದೂ ಅವರು ಹುಟ್ಟಿದ 1868ರಲ್ಲಿಯೇ.

ಅಲ್ಲಿ ನಡೆಯುತ್ತಿದ್ದುದು ಪ್ಯಾರಿಸ್ಸಿನ ಎಕೋಲ್ ದೆ ಬೋಜಾರ್ ಎಂಬ ಲಲಿತಕಲಾ ಶಾಲೆಯ ಪದ್ಧತಿ. ವಿನ್ಯಾಸ ಕಲಿಸುತ್ತಿದ್ದವರು ಯೂಜೀನ್ ಲೆತಾಂಗ್ ಎಂಬ ಫ್ರೆಂಚ್ ಅಧ್ಯಾಪಕರು. ವಿದ್ಯಾರ್ಥಿಗೆ ಒಂದು ಕಟ್ಟಡದ ವಿಷಯ ಕೊಟ್ಟರೆ ಮೊದಲು ಕೆಲವೇ ಗಂಟೆಗಳಲ್ಲಿ ಅದರ ಮೂಲ ಕಲ್ಪನೆಯನ್ನು ಚಿಕ್ಕ ಅಳತೆಯಲ್ಲಿ ಗೀಚಿ ಒಪ್ಪಿಸಬೇಕಾಗಿತ್ತು, ಆಮೇಲೆ ವಾರಗಟ್ಟಲೆ ಕುಳಿತು ಆ ಕಲ್ಪನೆಯನ್ನು ಕೈಬಿಡದೆ ಬೆಳೆಸಬೇಕಾಗಿತ್ತು. ದಪ್ಪ ಕಾಗದವನ್ನು ನೆನೆಸಿ, ಅಂಚುಗಳನ್ನು ಹಲಗೆಗೆ ಅಂಟಿಸಿ, ಅದು ಒಣಗಿ ಬಿಗಿದುಕೊಂಡ ಮೇಲೆ ಪ್ಲಾನ್ (ನೆಲನಕ್ಷೆ), ಸೆಕ್ಷನ್ (ಸೀಳುನೋಟ), ಎಲಿವೇಷನ್‌ಗಳ (ಎದುರುನೋಟ) ಗೆರೆ ಎಳೆದು, ಚೀನೀ ಮಸಿಯನ್ನು ನೀರಿನಲ್ಲಿ ತೆಳುಮಾಡಿ ಪದರದ ಮೇಲೆ ಪದರ ಬಳಿಯುತ್ತಿದ್ದರು. ಬೆಳಕು ಎಡಮೇಲಿನಿಂದ ನಲವತ್ತೈದು ಡಿಗ್ರಿಯಲ್ಲಿ ಬೀಳುತ್ತದೆಂದು ಭಾವಿಸಿ ಪ್ರತಿಯೊಂದು ಕಂಬದ, ಗೋಡೆಯ ಮೇಲಂಚಿನಲ್ಲಿ ಮುಂಚಾಚುವ ಪ್ರತಿಯೊಂದು ಕಾರ್ನೀಸಿನ ನೆರಳನ್ನೂ ಲೆಕ್ಕಹಾಕಿ ಮೂಡಿಸಬೇಕಿತ್ತು. ಒಂದು ಪದರ ಆರುವ ಮೊದಲೇ ಕುಂಚ ತಗುಲಿತೋ, ಅಷ್ಟೂ ದಿನದ ಕೆಲಸ ಹಾಳು.

ಹೇಡನ್ ಅವರ ಪದವಿಯ ಕೊನೆಯ ಪ್ರಬಂಧವು ಇಟಲಿಯ ಪುನರುಜ್ಜೀವನ ಶೈಲಿಯ ಕಲಾ ವಸ್ತುಸಂಗ್ರಹಾಲಯವೊಂದರ ವಿನ್ಯಾಸ, ಅದು ಎಂ.ಐ.ಟಿ.ಯ ಸಂಗ್ರಹದಲ್ಲಿದೆ. ಪದವಿಯ ನಂತರ ಯಾವ ವಾಸ್ತುಶಿಲ್ಪಿಯ ಕಚೇರಿಯೂ ಅವರನ್ನು ಕೆಲಸಕ್ಕೆ ಕರೆಯಲಿಲ್ಲವಾಗಿ ಬಾಸ್ಟನ್ನಿನ ಶಾಲೆಯೊಂದರಲ್ಲಿ ಯಂತ್ರ-ರೇಖಾಚಿತ್ರದ ಪಾಠ ಹೇಳುತ್ತಿದ್ದರು. 1891ರ ಆರಂಭದಲ್ಲಿ ಮಹಿಳೆಯರಿಗೆ ಮಾತ್ರ ಸ್ಪರ್ಧೆ ಪ್ರಕಟವಾಯಿತು: ಸುಮಾರು 400 ಅಡಿ ಉದ್ದ, 200 ಅಡಿ ಅಗಲದ ಭವನ, ಒಂದೆರಡು ತಿಂಗಳೊಳಗೆ ನಕ್ಷೆ ತಲುಪಬೇಕು. ಇಷ್ಟು ಕಡಿಮೆ ಅವಧಿಯಲ್ಲಿ ಒಂದೇ ಕಲ್ಪನೆಯನ್ನು ಹಿಡಿದು ಮುಗಿಸುವುದನ್ನೇ ಆ ತರಗತಿ ನಾಲ್ಕು ವರ್ಷ ಕಲಿಸಿತ್ತು. ಬಂದ ಹದಿಮೂರು ನಕ್ಷೆಗಳಲ್ಲಿ 22 ವರ್ಷದ ಹೇಡನ್ ಅವರದು ಮೊದಲಾಯಿತು. ಎರಡನೆಯ ಬಹುಮಾನ ಅವರ ಎಂ.ಐ.ಟಿ.ಯ ಸಹಪಾಠಿ ಲೋಯಿಸ್ ಲಿಲಿ ಹೌ ಅವರಿಗೇ ಹೋಯಿತು ಎಂಬುದನ್ನು ನೋಡಿದರೆ ಗೆದ್ದದ್ದು ಆ ಶಿಕ್ಷಣವೂ ಹೌದು ಎನ್ನಬೇಕು. ಮಧ್ಯದಲ್ಲಿ ಮೇಲಿನಿಂದ ಬೆಳಕು ಇಳಿಯುವ ಎತ್ತರದ ಸಭಾಂಗಣ, ಎರಡು ತುದಿಗಳಲ್ಲಿ ಮುಂಚಾಚಿದ ಭಾಗಗಳು, ಕಮಾನುಗಳ ಸಾಲು: ಭವನದ ಈ ಏರ್ಪಾಡಿನಲ್ಲಿ ವಸ್ತುಸಂಗ್ರಹಾಲಯವನ್ನು ಯೋಚಿಸಿದ ಕೈ ಸ್ಪಷ್ಟವಾಗಿ ಕಾಣುತ್ತದೆ. ಬಹುಮಾನ 1,000 ಡಾಲರ್. ಅದೇ ಪ್ರದರ್ಶನದ ಪುರುಷ ವಾಸ್ತುಶಿಲ್ಪಿಗಳಿಗೆ ಸಂದ ಸಂಭಾವನೆ ಇದರ ಹಲವು ಪಟ್ಟು. ಈ ತಾರತಮ್ಯವನ್ನು ಒಪ್ಪದೆ ಲೂಯಿಸ್ ಬೆಥೂನ್ ಎಂಬ ಅನುಭವಿ ವಾಸ್ತುಶಿಲ್ಪಿ ಸ್ಪರ್ಧೆಗೇ ಇಳಿಯಲಿಲ್ಲ.

ಪ್ರಶ್ನೆ: ಸ್ವಾಮಿ ವಿವೇಕಾನಂದರು ಮಾತನಾಡಿದ್ದು ಇದೇ ಭವನದಲ್ಲಿಯೆ?
— ಓದುಗರು, ಮೈಸೂರು

ಉತ್ತರ: ಅಲ್ಲ. ಸರ್ವಧರ್ಮ ಸಮ್ಮೇಳನ ನಡೆದದ್ದು ನಗರದ ನಡುವಿನ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡದಲ್ಲಿ. ಅದು ಈಗಲೂ ಇದೆ. ಮಹಿಳಾ ಭವನವಿದ್ದದ್ದು ಜ್ಯಾಕ್ಸನ್ ಪಾರ್ಕಿನ ಪ್ರದರ್ಶನ ಮೈದಾನದಲ್ಲಿ. ಅಲ್ಲಿನ ಬಹುಪಾಲು ಕಟ್ಟಡಗಳಂತೆ ನಾರು ಬೆರೆಸಿದ ಗಾರೆಯ ಹೊದಿಕೆ ಹೊತ್ತ ಆ ತಾತ್ಕಾಲಿಕ ರಚನೆಯನ್ನು ಪ್ರದರ್ಶನ ಮುಗಿದ ಮೇಲೆ ಕೆಡವಲಾಯಿತು.

ಪ್ರಶ್ನೆ: ಹೇಡನ್ ಬುದ್ಧಿ ಕಳೆದುಕೊಂಡು ವೃತ್ತಿಯನ್ನೇ ಬಿಟ್ಟರೆಂದು ಓದಿದ್ದೇನೆ. ನಿಜವೆ?
— ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ಹಾಗೆ ಹೇಳುವುದು ಅನ್ಯಾಯ. ಷಿಕಾಗೋಗೆ ಹೋಗಿ ಕಟ್ಟುವ ನಕ್ಷೆಗಳನ್ನು ಸ್ವತಃ ಸಿದ್ಧಪಡಿಸಿದ ಅವರಿಗೆ ಎದುರಾದ ತೊಡಕು ಮುಖ್ಯವಾಗಿ ಒಂದು. ಮಹಿಳಾ ವ್ಯವಸ್ಥಾಪಕ ಮಂಡಲಿಯ ಅಧ್ಯಕ್ಷೆ ಬರ್ತಾ ಪಾಮರ್ ಅವರು ದೇಶದ ಎಲ್ಲೆಡೆಯ ಮಹಿಳೆಯರಿಂದ ಕಂಬ, ಕೆತ್ತಿದ ಫಲಕ, ಬಾಗಿಲುಗಳನ್ನು ದಾನವಾಗಿ ಕೇಳಿ ತರಿಸಿ, ಬಂದದ್ದನ್ನೆಲ್ಲ ಭವನದಲ್ಲಿ ಅಳವಡಿಸಬೇಕೆಂದರು. ಅಳತೆಗೂ ಶೈಲಿಗೂ ಹೊಂದದ ಸಾಮಗ್ರಿಯನ್ನು ಹೇಡನ್ ಒಪ್ಪಲಿಲ್ಲ. ಒಂದೊಂದು ಕಾರ್ನೀಸಿನ ನೆರಳನ್ನೂ ಲೆಕ್ಕಹಾಕಿ ಕಲಿತವರಿಂದ ಬೇರೇನನ್ನು ನಿರೀಕ್ಷಿಸಲಾದೀತು? ಕೊನೆಗೆ ಒಳಾಂಗಣದ ಅಲಂಕಾರ ಒಳಾಂಗಣ ವಿನ್ಯಾಸಕಿ ಕ್ಯಾಂಡೇಸ್ ವ್ಹೀಲರ್ ಅವರ ಕೈಗೆ ಹೋಯಿತು. ಈ ಜಗ್ಗಾಟದಲ್ಲಿ ಹೇಡನ್ ಆರೋಗ್ಯ ಕುಸಿದದ್ದು ಹೌದು. ವೃತ್ತಿಪತ್ರಿಕೆಯೊಂದು ಇದನ್ನೇ ಹಿಡಿದುಕೊಂಡು ಈ ಕಸುಬು ಹೆಂಗಸರಿಗೆ ಒಗ್ಗುವುದೇ ಎಂದು ಕೇಳಿತು. ದಣಿದ ಪುರುಷ ವಾಸ್ತುಶಿಲ್ಪಿಯನ್ನು ಕಂಡು ಗಂಡಸರೆಲ್ಲರ ಯೋಗ್ಯತೆಯ ಬಗ್ಗೆ ಯಾರೂ ಹೀಗೆ ಕೇಳಿದಂತಿಲ್ಲ.

ಚೇತರಿಸಿಕೊಂಡ ಹೇಡನ್ 1894ರಲ್ಲಿ ಅಮೆರಿಕದ ಮಹಿಳಾ ಸಂಘಗಳಿಗಾಗಿ ಸ್ಮಾರಕ ಭವನವೊಂದರ ನಕ್ಷೆ ಬರೆದರು, ಆದರೆ ಅದು ಕಟ್ಟಡವಾಗಲಿಲ್ಲ. 1900ರಲ್ಲಿ ವಿಲಿಯಂ ಬೆನೆಟ್ ಎಂಬ ಚಿತ್ರಕಾರರನ್ನು ಮದುವೆಯಾಗಿ, ಅವರ ಮೊದಲ ಮದುವೆಯ ಮಗಳನ್ನೂ ಒಳಗೊಂಡ ಸಂಸಾರದೊಂದಿಗೆ ಬಾಸ್ಟನ್ ಸಮೀಪದ ವಿಂಥ್ರಾಪ್ ಪಟ್ಟಣದಲ್ಲಿ ನೆಲೆಸಿದರು. ಬೆನೆಟ್ 1909ರಲ್ಲಿ ತೀರಿಕೊಂಡರು. ಹೇಡನ್ ಚಿತ್ರಕಲೆಯಲ್ಲಿ ತೊಡಗಿಕೊಂಡು ಇನ್ನೂ ನಾಲ್ಕು ದಶಕ ಅದೇ ಊರಿನಲ್ಲಿ ಬದುಕಿ, 1953ರಲ್ಲಿ 84ನೆಯ ವಯಸ್ಸಿನಲ್ಲಿ ನಿಧನರಾದರು. ಅವರು ವಿನ್ಯಾಸಗೊಳಿಸಿದವುಗಳಲ್ಲಿ ಕಟ್ಟಡವಾದದ್ದು ಮಹಿಳಾ ಭವನ ಒಂದೇ. ಎರಡನೆಯ ಸ್ಥಾನ ಪಡೆದ ಲೋಯಿಸ್ ಹೌ ಮಾತ್ರ ಬಹುಮಾನದ 500 ಡಾಲರಿನಲ್ಲಿ ಯೂರೋಪ್ ಸುತ್ತಿ ಬಂದು, ಮುಂದೆ ಇನ್ನಿಬ್ಬರು ಮಹಿಳೆಯರ ಪಾಲುದಾರಿಕೆಯಲ್ಲಿ ಬಾಸ್ಟನ್ನಿನಲ್ಲಿ 1937ರವರೆಗೂ ಸ್ವಂತ ಕಚೇರಿ ನಡೆಸಿದರು.